ಬಿಬಿಸಿ ಮೈಕ್ರೋಗೆ ಹಚ್ಚಿದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಮುಷ್ಕರ ಹೂಡಿದಾಗ

ಬಿಬಿಸಿ ಮೈಕ್ರೋ 1981ರ ಬ್ರಿಟಿಷ್ ಕಂಪ್ಯೂಟರ್. ನಮ್ಮ ದೇಶದ ಶಾಲೆಗಳಿಗೆ ಅದು ಬಂದದ್ದು 1984ರಲ್ಲಿ ಶುರುವಾದ, ಶಾಲೆಗಳಲ್ಲಿ ಕಂಪ್ಯೂಟರ್ ಪರಿಚಯಿಸುವ ಕ್ಲಾಸ್ ಯೋಜನೆಯ ಕಾಲಕ್ಕೆ. ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ತಯಾರಿಸಿದ ಯೂನಿಕಾರ್ನ್ ಕೂಡ ಒಳಗೆ ಅದೇ. ಕಂಪ್ಯೂಟರ್ ಅಪರೂಪವಾದರೂ ಪ್ರಿಂಟರಿಗೆ ನಮ್ಮ ಕಡೆ ಬರ ಇಲ್ಲ. ಅಮರಗೋಳದ ಎಪಿಎಂಸಿ, ಬ್ಯಾಡಗಿಯ ಮೆಣಸಿನಕಾಯಿ ಪೇಟೆ, ಊರ ಹೊರಗಿನ ವೇ ಬ್ರಿಜ್ ಎಲ್ಲಾ ಕಡೆ 9 ಪಿನ್ನಿನ ಪ್ರಿಂಟರ್ ದುಡಿದಿದೆ. ಎಪ್ಸನ್ ಎಲ್‌ಎಕ್ಸ್ 800, ಎಲ್‌ಎಕ್ಸ್ 300, ಎಫ್‌ಎಕ್ಸ್ 80 ಯಾವುದಾದರೂ ನಡೆಯುತ್ತದೆ. ಹಿಂದೆ 36 ಪಿನ್ನಿನ ಪ್ಯಾರಲಲ್ ಪೋರ್ಟ್ ಇರಲೇಬೇಕು. ಯುಎಸ್‌ಬಿ ಮಾತ್ರ ಇರುವ ಪ್ರಿಂಟರ್ ಈ ಕೆಲಸಕ್ಕೆ ಬಾರದು.

ಪ್ರಿಂಟ್ ಬರಲಿಲ್ಲ ಎಂದೊಡನೆ ಕಂಪ್ಯೂಟರ್ ಬಿಚ್ಚಬೇಡಿ. ತಪ್ಪು ಪ್ರಿಂಟರಿನಲ್ಲೋ, ಕೇಬಲ್ಲಿನಲ್ಲೋ, ಕಂಪ್ಯೂಟರಿನಲ್ಲೋ ಎಂಬುದನ್ನು ಹೊರಗಿನಿಂದಲೇ ಗೊತ್ತು ಮಾಡಿಕೊಳ್ಳಬಹುದು. ಬೇಕಾಗುವುದು ಒಂದು ಮಲ್ಟಿಮೀಟರ್ ಮತ್ತು ಹತ್ತಾರು ಹಾಳೆ ಕಾಗದ.

ಇನ್ನೊಂದು ಮಾತು ಮೊದಲೇ ಹೇಳಬೇಕು. ಎರಡೂ ಯಂತ್ರ ಆಫ್ ಆಗದೆ ಕೇಬಲ್ ಚುಚ್ಚಬೇಡಿ, ಕೀಳಬೇಡಿ. ಎರಡಕ್ಕೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕರೆಂಟ್ ಕೊಡಿ, ಆ ಬೋರ್ಡಿಗೆ ನಿಜವಾದ ಅರ್ಥಿಂಗ್ ಇರಲಿ. ಹಳೆ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಮೂರನೆಯದಕ್ಕೆ ತಂತಿಯೇ ಇರುವುದಿಲ್ಲ. ಆಗ ಪ್ರಿಂಟರಿನ ಲೋಹದ ಮೈ ಮುಟ್ಟಿದರೆ ಜುಮ್ ಎನ್ನುತ್ತದೆ, ಆ ಜುಮ್ಮೇ ಕೇಬಲ್ ಚುಚ್ಚುವ ಗಳಿಗೆಯಲ್ಲಿ ಕಂಪ್ಯೂಟರಿನ ಚಿಪ್ ಸುಡುತ್ತದೆ.

ಮೊದಲು ಪ್ರಿಂಟರ್ ಒಂದೇ

ಕೇಬಲ್ ಕಿತ್ತಿಡಿ. ಎಲ್‌ಎಕ್ಸ್ 800ರಲ್ಲಿ ಲೈನ್ ಫೀಡ್ ಬಟನ್ ಒತ್ತಿ ಹಿಡಿದು ಪವರ್ ಆನ್ ಮಾಡಿದರೆ ಸೆಲ್ಫ್ ಟೆಸ್ಟ್ ಓಡುತ್ತದೆ. ಬೇರೆ ಎಪ್ಸನ್‌ಗಳಲ್ಲೂ ಹೆಚ್ಚುಕಡಿಮೆ ಇದೇ ಕ್ರಮ. ಅಕ್ಷರಗಳು ಸರಿಯಾಗಿ ಬಂದರೆ ಪ್ರಿಂಟರಿನ ಹೆಡ್, ಮೋಟಾರ್, ರಿಬ್ಬನ್ ಚೆನ್ನಾಗಿವೆ ಎಂದೇ ಅರ್ಥ.

ಪ್ರತಿ ಸಾಲಿನಲ್ಲೂ ಅಕ್ಷರಗಳನ್ನು ಅಡ್ಡ ಸೀಳಿದ ಹಾಗೆ ಒಂದು ಬಿಳಿ ಗೆರೆ ಕಂಡರೆ ಹೆಡ್ಡಿನ ಒಂದು ಪಿನ್ ಹೊಡೆಯುತ್ತಿಲ್ಲ. ಬಹಳ ಸಲ ಅದು ಮುರಿದಿರುವುದಿಲ್ಲ, ಒಣ ಶಾಯಿ ಮತ್ತು ಕಾಗದದ ಹೊಟ್ಟು ಸೇರಿ ಸಿಕ್ಕಿಕೊಂಡಿರುತ್ತದೆ. ಹೆಡ್ ತಣ್ಣಗಾಗಲು 15 ನಿಮಿಷ ಬಿಟ್ಟು ಬಿಚ್ಚಿ, ಮೂತಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯ ಮೇಲೆ ಒತ್ತಿಡಿ. ಬಟ್ಟೆಗೆ ಕಪ್ಪು ಬಿಡುವುದು ನಿಲ್ಲುವವರೆಗೂ ಜಾಗ ಬದಲಿಸುತ್ತಿರಿ. ಹಳೆ ರಿಬ್ಬನ್ನಿಗೆ ಸ್ಟಾಂಪ್ ಪ್ಯಾಡ್ ಶಾಯಿ ಹಚ್ಚುವ ಚಾಳಿ ಇದ್ದರೆ ಬಿಡಿ. ರಿಬ್ಬನ್ ಶಾಯಿಯಲ್ಲಿ ಪಿನ್ನುಗಳಿಗೆ ಬೇಕಾದ ಜಿಡ್ಡು ಇರುತ್ತದೆ, ಸ್ಟಾಂಪ್ ಶಾಯಿಯಲ್ಲಿ ಇರುವುದಿಲ್ಲ. ಎಲ್‌ಎಕ್ಸ್ 300ರ ರಿಬ್ಬನ್ ಎಲ್‌ಎಕ್ಸ್ 800ಕ್ಕೂ ಎಫ್‌ಎಕ್ಸ್ 80ಕ್ಕೂ ಕೂಡುತ್ತದೆ, ಎಲ್‌ಎಕ್ಸ್ 80ಕ್ಕೆ ಕೂಡದು.

ಹೆಡ್ ಓಡಾಡುವ ಸರಳಿಗೆ ಎರೆಮಣ್ಣಿನ ಧೂಳು, ಹತ್ತಿಯ ನೂಲೆಳೆ ಮೆತ್ತಿಕೊಂಡು ಗಾಡಿ ಜಗ್ಗುತ್ತಿದ್ದರೆ ಒಣಬಟ್ಟೆಯಿಂದ ಒರೆಸಿ, ಹೊಲಿಗೆ ಮಷಿನ್ ಎಣ್ಣೆ ಎರಡೇ ಹನಿ ಹಾಕಿ. ಕೊಬ್ಬರಿ ಎಣ್ಣೆ ಬೇಡ, ಅದು ಕೆಲವೇ ತಿಂಗಳಿಗೆ ಗೋಂದಾಗುತ್ತದೆ.

ಅರ್ಧ ಸಮಸ್ಯೆ ಆಜ್ಞೆಯಲ್ಲೇ

ಈಗ ಕೇಬಲ್ ಹಚ್ಚಿ ಎರಡೂ ಆನ್ ಮಾಡಿ. ಮೊದಲು *ಎಫ್‌ಎಕ್ಸ್ 5,1 (ಕೀಬೋರ್ಡಿನಲ್ಲಿ *FX 5,1) ಕೊಡಿ, ಪ್ಯಾರಲಲ್ ಪ್ರಿಂಟರ್ ಆಯ್ಕೆಯಾಗುತ್ತದೆ. ಆಮೇಲೆ ವಿಡಿಯು 2 (VDU 2) ಎಂದರೆ ಪರದೆಯ ಮೇಲೆ ಬಂದದ್ದೆಲ್ಲ ಪ್ರಿಂಟರಿಗೂ ಹೋಗುತ್ತದೆ, ವಿಡಿಯು 3 ಎಂದರೆ ನಿಲ್ಲುತ್ತದೆ.

ಪ್ರಿಂಟರ್ ಓಡುತ್ತಿದೆ, ಆದರೆ ಎಲ್ಲ ಸಾಲೂ ಒಂದರ ಮೇಲೊಂದು ಬಿದ್ದು ಕಾಗದ ಕಪ್ಪಾಗುತ್ತಿದೆ ಎಂದರೆ ಕೆಟ್ಟದ್ದು ಏನೂ ಇಲ್ಲ. ಈ ಕಂಪ್ಯೂಟರ್ ಹುಟ್ಟಾ 10ನೇ ಕೋಡನ್ನು, ಅಂದರೆ ಕಾಗದವನ್ನು ಒಂದು ಸಾಲು ಸರಿಸುವ ಲೈನ್ ಫೀಡನ್ನು, ಪ್ರಿಂಟರಿಗೆ ಕಳಿಸುವುದಿಲ್ಲ. ಪ್ರಿಂಟರೇ ಕಾಗದ ಸರಿಸಿಕೊಳ್ಳಲಿ ಎಂಬ ಲೆಕ್ಕ. ಎರಡು ದಾರಿ ಇವೆ. ಒಂದು, ಪ್ರಿಂಟರಿನ ಡಿಪ್ ಸ್ವಿಚ್ಚಿನಲ್ಲಿ (ಸೆಟ್ಟಿಂಗ್ ಬದಲಿಸುವ ಪುಟ್ಟ ಸ್ವಿಚ್ಚುಗಳ ಸಾಲು) ಆಟೋ ಲೈನ್ ಫೀಡ್ ಆನ್ ಮಾಡುವುದು. ಇನ್ನೊಂದು, *ಎಫ್‌ಎಕ್ಸ್ 6,0 ಕೊಡುವುದು. ಎರಡೂ ಒಟ್ಟಿಗೆ ಮಾಡಿದರೆ ಒಂದು ಸಾಲು ಬಿಟ್ಟು ಒಂದು ಸಾಲು ಖಾಲಿ ಬರುತ್ತದೆ. ನಮ್ಮ ಸಲಹೆ ಡಿಪ್ ಸ್ವಿಚ್. ಯಾಕೆಂದರೆ *ಎಫ್‌ಎಕ್ಸ್ 6,0 ಕೊಟ್ಟ ಮೇಲೆ ಕಂಪ್ಯೂಟರ್ 10ರ ಬದಲು 0 ಕೋಡನ್ನು ನುಂಗುತ್ತದೆ, ಚಿತ್ರ ಪ್ರಿಂಟ್ ಮಾಡುವಾಗ ಖಾಲಿ ಜಾಗವೆಲ್ಲ 0 ಆದ್ದರಿಂದ ಚಿತ್ರ ಕುಸಿದು ಓರೆಯಾಗುತ್ತದೆ. ವಿಡಿಯು 1 ಮುಂದಿಟ್ಟು ಕಳಿಸಿದ ಕೋಡ್ ಮಾತ್ರ ಈ ನುಂಗಾಟದಿಂದ ಪಾರಾಗುತ್ತದೆ. ಡಿಪ್ ಸ್ವಿಚ್ ಬದಲಿಸಿದರೆ ಪ್ರಿಂಟರ್ ಆಫ್ ಮಾಡಿ ಆನ್ ಮಾಡಲು ಮರೆಯಬೇಡಿ, ಅದು ಸ್ವಿಚ್ ಓದುವುದು ಆನ್ ಆಗುವಾಗ ಮಾತ್ರ.

ಇಲ್ಲಿನ ಅಂಗಡಿಗಳಲ್ಲಿ ಸಿಗುವ ಕಂಪ್ಯೂಟರ್ ಪೇಪರ್ ಹೆಚ್ಚಾಗಿ 10×12 ಇಂಚಿನದು. ಪ್ರಿಂಟರ್ 11 ಇಂಚಿಗೆ ಸೆಟ್ ಆಗಿದ್ದರೆ ಪುಟದ ತಲೆ ಪ್ರತಿ ಹಾಳೆಗೆ ಒಂದು ಇಂಚು ಮೇಲಕ್ಕೆ ಜಾರುತ್ತ ಹೋಗುತ್ತದೆ. ವಿಡಿಯು 2,1,27,1,67,1,0,1,12,3 ಎಂದರೆ ಪುಟದ ಉದ್ದ 12 ಇಂಚು ಆಗುತ್ತದೆ.

ಕಂಪ್ಯೂಟರೇ ಹ್ಯಾಂಗ್ ಆದಂತೆ ಕಂಡರೆ

ಪ್ರೋಗ್ರಾಮ್ ತೋರಿಸುವ ಲಿಸ್ಟ್ (LIST) ಆಜ್ಞೆ ಕೊಟ್ಟಿರಿ, ಪರದೆ ಮೇಲೆ ಒಂದೆರಡು ಸಾಲು ಬಂದು ಕಲ್ಲಿನಂತೆ ನಿಂತಿತು. ಇದು ಹ್ಯಾಂಗ್ ಅಲ್ಲ. ಪ್ರಿಂಟರಿಗೆ ಹೋಗಬೇಕಾದ ಅಕ್ಷರ ಕೂಡಿಡುವ ಜಾಗ, ಅಂದರೆ ಬಫರ್, ಹಿಡಿಯುವುದು 63 ಅಕ್ಷರ ಮಾತ್ರ. ಅದು ತುಂಬಿತು, ಪ್ರಿಂಟರ್ ತಗೊಳ್ಳುತ್ತಿಲ್ಲ, ಕಂಪ್ಯೂಟರ್ ಕಾಯುತ್ತಿದೆ. ಎಸ್ಕೇಪ್ ಒತ್ತಿ, ವಿಡಿಯು 3 ಕೊಡಿ, *ಎಫ್‌ಎಕ್ಸ್ 21,3 ಕೊಟ್ಟು ಬಫರ್ ಖಾಲಿ ಮಾಡಿ. ಆನ್‌ಲೈನ್ ದೀಪ ಹತ್ತಿದೆಯೇ, ಕಾಗದ ಮುಗಿದಿಲ್ಲವೇ ನೋಡಿ. ಅದೆಲ್ಲ ಸರಿ ಇದ್ದರೆ ಹೆಕ್ಸ್ ಡಂಪ್‌ಗೆ ಹೋಗಿ.

ಹೆಕ್ಸ್ ಡಂಪ್

ಇಡೀ ಕೆಲಸದ ಜೀವಾಳ ಇದು. ಲೈನ್ ಫೀಡ್, ಫಾರ್ಮ್ ಫೀಡ್ ಎರಡೂ ಬಟನ್ ಒಟ್ಟಿಗೆ ಒತ್ತಿ ಹಿಡಿದು ಪ್ರಿಂಟರ್ ಆನ್ ಮಾಡಿ. ಈಗ ಅದು ಬಂದ ಕೋಡನ್ನು ಅಕ್ಷರವಾಗಿ ಅಲ್ಲ, ಹೆಕ್ಸ್ ಸಂಖ್ಯೆಯಾಗಿಯೇ (16ರ ಎಣಿಕೆ, ಇದರಲ್ಲಿ 16 ಅನ್ನು 10 ಎಂದು ಬರೆಯುತ್ತಾರೆ) ಬರೆದು ತೋರಿಸುತ್ತದೆ. ಕಂಪ್ಯೂಟರಿನಲ್ಲಿ ಈ ಒಂದು ಸಾಲು ಟೈಪ್ ಮಾಡಿ:

ವಿಡಿಯು 2,1,1,1,2,1,4,1,8,1,16,1,32,1,64,1,128,3

ಸಾಲು ತುಂಬದೆ ಪ್ರಿಂಟ್ ಆಗದಿದ್ದರೆ ಆನ್‌ಲೈನ್ ಬಟನ್ ಒತ್ತಿ, ಉಳಿದದ್ದು ಹೊರಬೀಳುತ್ತದೆ. ಬರಬೇಕಾದದ್ದು 01 02 04 08 10 20 40 80. ಎಂಟು ಡೇಟಾ ತಂತಿಗಳನ್ನು ಒಂದೊಂದಾಗಿ ಎಬ್ಬಿಸಿದ ಹಾಗೆ ಇದು.

ಏನೂ ಬರಲಿಲ್ಲ ಎಂದರೆ ಸ್ಟ್ರೋಬ್ ತಂತಿ, ಅಂದರೆ ಅಕ್ಷರ ಬಂತು ಓದಿಕೋ ಎಂದು ಪ್ರಿಂಟರಿಗೆ ಹೇಳುವ ತಂತಿ, ತಲುಪುತ್ತಿಲ್ಲ. ಬರೀ 01 ಬಂದು ನಿಂತರೆ ಅಕ್ನಾಲೆಜ್ ತಂತಿ ಕಡಿದಿದೆ. ಒಂದು ಅಕ್ಷರ ಮುಟ್ಟಿತು ಎಂಬ ಸುದ್ದಿ ವಾಪಸ್ ಬಾರದೆ ಬಿಬಿಸಿ ಮೈಕ್ರೋ ಎರಡನೆಯದನ್ನು ಕಳಿಸುವುದಿಲ್ಲ. ಒಂದು ಸ್ಥಾನದಲ್ಲಿ ಮಾತ್ರ 00 ಬಂದರೆ ಆ ಡೇಟಾ ತಂತಿ ಪಕ್ಕದ ಗ್ರೌಂಡ್ ಎಳೆಗೆ ತಾಗಿದೆ. ತಂತಿ ಕಡಿದಿದ್ದರೆ ಪ್ರಿಂಟರ್ ಅದನ್ನು ಸಾಮಾನ್ಯವಾಗಿ 1 ಎಂದೇ ಓದುತ್ತದೆ. ಉದಾಹರಣೆಗೆ ಆರನೇ ತಂತಿ ಕಡಿದರೆ 21 22 24 28 30 20 60 ಎ0 ಬರುತ್ತದೆ. ಮಾಮೂಲಿ ಪ್ರಿಂಟಿನಲ್ಲಿ ಇದರ ಚಹರೆ ವಿಚಿತ್ರ: ಅಂಕಿಗಳು ಸರಿ, ದೊಡ್ಡಕ್ಷರವೆಲ್ಲ ಸಣ್ಣಕ್ಷರ, ಯಾಕೆಂದರೆ 65 ಇದ್ದದ್ದು 97 ಆಯಿತು. ಸಾಲು ಮುಗಿಸುವ 13ನೇ ಕೋಡ್ 45 ಆಗಿ ಅಡ್ಡಗೆರೆಯಾಗುವುದರಿಂದ ಸಾಲುಗಳು ಮುರಿಯದೆ ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ಎಂಟನೇ ತಂತಿ ಕಡಿದರೆ ಎಲ್ಲ ಅಕ್ಷರವೂ ಓರೆಯಾಗಿ, ಇಲ್ಲವೇ ಚೌಕ-ಗೆರೆಗಳ ಚಿಹ್ನೆಗಳಾಗಿ ಬರುತ್ತವೆ.

ಕೇಬಲ್

ಕಂಪ್ಯೂಟರಿನ ಹೊಟ್ಟೆಯ ಕೆಳಗೆ ಪ್ರಿಂಟರ್ ಎಂದು ಬರೆದ 26 ಪಿನ್ನಿನ ಪೋರ್ಟ್ ಇದೆ. ಅದಕ್ಕೆ 26 ಎಳೆಯ ರಿಬ್ಬನ್ ಕೇಬಲ್, ಒಂದು ತುದಿಗೆ 26 ಪಿನ್ನಿನ ಐಡಿಸಿ ಸಾಕೆಟ್ (ಬೆಸುಗೆಯಿಲ್ಲದೆ ಕೇಬಲ್ ಮೇಲೆ ಒತ್ತಿ ಕೂರಿಸುವಂಥದು), ಇನ್ನೊಂದು ತುದಿಗೆ 36 ಪಿನ್ನಿನ ಸೆಂಟ್ರಾನಿಕ್ಸ್ ಪ್ಲಗ್. ಕೆಂಪು ಗೆರೆಯ ಎಳೆ ಎರಡೂ ಕಡೆ 1ನೇ ಪಿನ್ನಿಗೆ. ಉದ್ದ ಒಂದೂವರೆ ಮೀಟರ್ ಸಾಕು.

ಮಲ್ಟಿಮೀಟರಿನ ಬೀಪ್ ಇಟ್ಟು ಹೀಗೆ ಪರೀಕ್ಷಿಸಿ: ಕಂಪ್ಯೂಟರ್ ಕಡೆಯ ಬೆಸ ಪಿನ್ನಿಗೆ 1 ಕೂಡಿಸಿ ಅರ್ಧ ಮಾಡಿದರೆ ಪ್ರಿಂಟರ್ ಕಡೆಯ ಪಿನ್. 1ರದು ಸ್ಟ್ರೋಬ್, 3ರಿಂದ 17ರವರೆಗೆ ಡೇಟಾ, ಅವು ಅತ್ತ 2ರಿಂದ 9, 19 ಅಕ್ನಾಲೆಜ್, ಅದು ಅತ್ತ 10. ಸಮ ಪಿನ್ನುಗಳು ಗ್ರೌಂಡ್, 2 ಹೋಗುವುದು 19ಕ್ಕೆ, 20 ಹೋಗುವುದು 28ಕ್ಕೆ. ಕೆಲಸ ಇಷ್ಟು 20 ಎಳೆಗಳದ್ದೇ. ಹೊಸ ಕೇಬಲ್ ಕಟ್ಟುವಾಗ 21ರಿಂದ 26ರವರೆಗಿನ ಎಳೆಗಳನ್ನು ಪ್ಲಗ್‌ಗೆ ಹೋಗುವ ಮುಂಚೆ ಕತ್ತರಿಸಿಬಿಡಿ. 26ನೇ ಎಳೆ ಪ್ರಿಂಟರಿನ 31ನೇ ಪಿನ್ನಿಗೆ, ಅಂದರೆ ರೀಸೆಟ್‌ಗೆ, ಬೀಳುತ್ತದೆ. ಅದು ಎಲ್ಲೋ ಗ್ರೌಂಡ್ ಮುಟ್ಟಿದರೆ ಪ್ರಿಂಟರ್ ಏಳುವುದೇ ಇಲ್ಲ. ಐಡಿಸಿ ಒತ್ತಲು ಪಕ್ಕಡ್ ಬೇಡ, ವೈಸಿನಲ್ಲಿಟ್ಟು ನಿಧಾನ ತಿರುಗಿಸಿ. ಪಕ್ಕಡಿನಿಂದ ಒಂದು ಬದಿ ಹೆಚ್ಚು ಕೂತು ಇನ್ನೊಂದು ಬದಿಯ ಹಲ್ಲು ತಂತಿ ಮುಟ್ಟುವುದಿಲ್ಲ, ಕೇಬಲ್ ಅಲುಗಿದಾಗೊಮ್ಮೆ ತಪ್ಪು ಅಕ್ಷರ ಬರುತ್ತದೆ.

ಕೊನೆಗೆ ಕಂಪ್ಯೂಟರ್

ಕೇಬಲ್ ನಿರ್ದೋಷಿ ಎಂದಾದರೆ ಮಾತ್ರ ಇಲ್ಲಿಗೆ ಬನ್ನಿ. ಪ್ರಿಂಟರ್ ಬಿಡಿಸಿ, ?65123=255 ಮತ್ತು ?65121=85 ಎಂದು ಟೈಪ್ ಮಾಡಿ. ಪೋರ್ಟಿನ 3, 7, 11, 15ನೇ ಪಿನ್ನುಗಳಲ್ಲಿ 2.4 ವೋಲ್ಟಿಗಿಂತ ಹೆಚ್ಚು, 5, 9, 13, 17ರಲ್ಲಿ 0.5ಕ್ಕಿಂತ ಕಡಿಮೆ ಇರಬೇಕು. 85ರ ಬದಲು 170 ಹಾಕಿದರೆ ಎರಡೂ ಗುಂಪು ಅದಲುಬದಲು. ಪ್ರೋಬಿನ ಮೂತಿ ಎರಡು ಪಿನ್ನಿಗೆ ಒಟ್ಟಿಗೆ ತಾಗದಂತೆ ಕೈ ಗಟ್ಟಿ ಇರಲಿ.

ಒಂದೆರಡು ಪಿನ್ ಹಟ ಹಿಡಿದರೆ ಮೊದಲ ಗುಮಾನಿ ಐಸಿ 70ರ ಮೇಲೆ. ಅದು 74ಎಲ್‌ಎಸ್244, ಅಗ್ಗದ್ದು, ಹೊರಗಿನ ಪೆಟ್ಟು ಮೊದಲು ತಿನ್ನುವುದು ಅದೇ. ಹೊಸದನ್ನು ನೇರ ಬೆಸೆಯಬೇಡಿ, 20 ಕಾಲಿನ ಸಾಕೆಟ್ ಬೆಸೆದು ಅದರಲ್ಲಿ ಕೂರಿಸಿ. ಎಂಟೂ ಪಿನ್ ಸರಿಯಿದ್ದು ಹೆಕ್ಸ್ ಡಂಪಿನಲ್ಲಿ ಮೊದಲ ಅಕ್ಷರಕ್ಕೇ ನಿಲ್ಲುತ್ತಿದ್ದರೆ ಐಸಿ 69, ಅಂದರೆ 6522 ಚಿಪ್. ಅಕ್ನಾಲೆಜ್ ಓದುವುದು ಅದರ 40ನೇ ಕಾಲು. ಹೊಸದಾಗಿ 65ಸಿ22 ತರಿಸುವುದಾದರೆ ಹೆಸರಿನ ಕೊನೆಗೆ ಎನ್ ಇರುವುದನ್ನೇ ಕೇಳಿ. ಎಸ್ ಇರುವುದರ ಇಂಟರಪ್ಟ್ ಕಾಲು ಬೇರೆ ರೀತಿ ಕೆಲಸ ಮಾಡುತ್ತದೆ, ಬೋರ್ಡಿನ ಮೇಲಿನ ಉಳಿದ ಚಿಪ್ಪುಗಳ ಜೊತೆ ಹೊಂದುವುದಿಲ್ಲ. ಚಿಪ್ ಬದಲಿಸಿದ ಮೇಲೆ ಮುಚ್ಚಳ ಹಾಕುವ ಮೊದಲೇ ಆ ಎಂಟು ಸಂಖ್ಯೆಯ ಸಾಲನ್ನು ಇನ್ನೊಮ್ಮೆ ಓಡಿಸಿ, 01ರಿಂದ 80ರವರೆಗೆ ಬೆರಳಿಟ್ಟು ಓದಿ.