ಕಳಿಯದ ಗೊಬ್ಬರ ಹೊಲಕ್ಕೆ ಬೇಡ

ಮಳೆ ಬಿದ್ದು ಹದ ಬರುತ್ತಿದ್ದಂತೆ ತಿಪ್ಪೆ ಬಗೆದು, ಕಳಿತದ್ದೋ ಹಸಿಯೋ ನೋಡದೆ ಟ್ರಾಕ್ಟರಿಗೆ ತುಂಬುವುದನ್ನು ಕೋಲಾರ, ತುಮಕೂರು ಕಡೆ ಪ್ರತಿವರ್ಷ ಕಾಣುತ್ತೇವೆ. ಕೆಲವೇ ವಾರದಲ್ಲಿ ರಾಗಿ ಪೈರು ಹಳದಿ ತಿರುಗುತ್ತದೆ. ಗೊಬ್ಬರದಲ್ಲಿ ಸತ್ವವಿಲ್ಲವೆಂದು ಯೂರಿಯಾ ಚೀಲ ತರುತ್ತಾರೆ. ಆಗಿದ್ದಿಷ್ಟೇ: ಅರೆಕಳಿತ ಹುಲ್ಲುಕಡ್ಡಿಯಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಮ್ಮಿ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಕೊರತೆ ಬಿದ್ದ ಸಾರಜನಕವನ್ನು ಮಣ್ಣಿನಿಂದ ಎಳೆದುಕೊಂಡು ಪೈರನ್ನು ಉಪವಾಸ ಕೆಡವುತ್ತವೆ. ಜತೆಗೆ ಗೊಣ್ಣೆಹುಳು, ಕಳೆಬೀಜ ಬೇರೆ.

ಗುಡ್ಡೆ ಹಾಕುವುದು: ನೀರು ನಿಲ್ಲದ ನೆರಳಿನ ಜಾಗದಲ್ಲಿ ಒಣ ಹುಲ್ಲು, ತರಗು, ಹೊಂಗೆ ಅಥವಾ ಗ್ಲಿರಿಸಿಡಿಯಾ ಸೊಪ್ಪು, ಸಗಣಿ ಬಗ್ಗಡವನ್ನು ಪದರ ಪದರವಾಗಿ ಎದೆಮಟ್ಟಕ್ಕೆ ಏರಿಸಿ. ಗಂಜಲ ಚರಂಡಿ ಪಾಲಾಗದಿರಲಿ, ಸಾರಜನಕದ ದೊಡ್ಡ ಪಾಲು ಇರುವುದು ಅದರಲ್ಲಿ. ಬೇಗ ಕೊಳೆಸುತ್ತದೆಂದು ಮಾರುವ ಪುಡಿಗೆ ದುಡ್ಡು ಹಾಕಬೇಡಿ. ಹಳೇ ಗೊಬ್ಬರ ಎರಡು ಮಂಕರಿ ಬೆರೆಸಿದರೆ ಸಾಕು.

ಮಗುಚುವುದು: ಗುಡ್ಡೆಯ ಹೊಟ್ಟೆ 55ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು, ಕಳೆಬೀಜ ಸಾಯುವುದು ಆ ಕಾವಿಗೇ. ಕಬ್ಬಿಣದ ಸರಳು ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ; ತುದಿ ಹಿಡಿಯಲಾಗದಷ್ಟು ಸುಡುತ್ತಿದ್ದರೆ ಸರಿ. ಎರಡು ಮೂರು ವಾರಕ್ಕೊಮ್ಮೆ ಹೊರಗಿನದು ಒಳಗೆ ಬರುವಂತೆ ಮಗುಚಿ.

ಕಳಿಯಲು ಬಿಡುವುದು: ಎಡವುವುದೆಲ್ಲ ಇಲ್ಲೇ. ಕಾವು ಇಳಿದ ಕೂಡಲೇ ಗೊಬ್ಬರ ಆಯಿತೆಂದುಕೊಳ್ಳುತ್ತಾರೆ. ಒಳಗೆ ನೀರಾರಿದರೂ ಗುಡ್ಡೆ ತಣ್ಣಗಾಗುತ್ತದೆ, ಗಾಳಿಯಾಡದಿದ್ದರೂ ತಣ್ಣಗಾಗುತ್ತದೆ. ಹಾಗಾಗಿ ನೀರು ಚಿಮುಕಿಸಿ ಇನ್ನೊಮ್ಮೆ ಮಗುಚಿ, ಒಂದು ವಾರ ಕಾಯಿರಿ. ಮತ್ತೆ ಬಿಸಿಯೇರಿದರೆ ಕೆಲಸ ಬಾಕಿಯಿದೆ. ಏರದಿದ್ದರೂ ಒಂದೆರಡು ತಿಂಗಳು ಗರಿ ಮುಚ್ಚಿ ಹಾಗೇ ಬಿಡಿ. ಆಮೇಲೆ ನಡುವಿನಿಂದ ಒಂದು ಹಿಡಿ ತೆಗೆಯಿರಿ: ಕಪ್ಪುಗಂದು ಬಣ್ಣವಿರಬೇಕು, ಹುಲ್ಲಿನ ಗೆಣ್ಣು ಗುರುತು ಸಿಗಬಾರದು, ಬೆರಳಲ್ಲಿ ಉಜ್ಜಿದರೆ ಪುಡಿಯಾಗಬೇಕು. ಆ ಹಿಡಿಯನ್ನು ತುಸು ನೆನೆಸಿ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಹೊಸಮಳೆಯ ಮಣ್ಣಿನ ವಾಸನೆ ಬಂದರೆ ಹೊಲಕ್ಕೆ ಹೋಗಬಹುದು. ಮೂಗಿಗೆ ಘಾಟು ಹೊಡೆದರೆ ಅಥವಾ ಕೊಳೆತ ಮೊಟ್ಟೆಯ ನಾತ ಬಂದರೆ ಬೇಡ. ಅನುಮಾನ ಉಳಿದರೆ ಅರ್ಧ ಮಣ್ಣು, ಅರ್ಧ ಗೊಬ್ಬರದ ಕುಂಡದಲ್ಲೂ ಬರೀ ಮಣ್ಣಿನ ಕುಂಡದಲ್ಲೂ ಸಾಸಿವೆ ಉದುರಿಸಿ ಮೊಳಕೆ ಹೋಲಿಸಿ. ಚೀಲದಲ್ಲಿ ಕೊಂಡ ಕಾಂಪೋಸ್ಟಿಗೂ ಇದೇ ಪರೀಕ್ಷೆ ಮಾಡಿ. ಹೆಸರು ಎಷ್ಟೇ ದೊಡ್ಡದಿರಲಿ, ಕವರ್ ಘಾಟು ಹೊಡೆದರೆ ವಾಪಸ್ ಕೊಡಿ.

ಹೊಲಕ್ಕೆ ಕೊಡುವುದು: ಮಳೆಯಾಶ್ರಿತ ರಾಗಿಗೆ ಎಕರೆಗೆ ಸುಮಾರು 3 ಟನ್, ಬಿತ್ತನೆಗೆ ಎರಡು ಮೂರು ವಾರ ಮೊದಲು. ಹರಡಿದ ದಿನವೇ ಉತ್ತು ಮಣ್ಣಿಗೆ ಸೇರಿಸಿ. ಹೊಲದಲ್ಲಿ ಕುಪ್ಪೆ ಕುಪ್ಪೆಯಾಗಿ ಬಿಸಿಲಿಗೆ ಬಿಡುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ, ಅಷ್ಟು ದಿನ ಕಾದ ಫಲ ಗಾಳಿಗೆ ಹೋಗುತ್ತದೆ.

ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇ 0.5 ಮಾತ್ರ. 3 ಟನ್ನಿಗೆ 15 ಕಿಲೋ ಆಯಿತು, ಅದೂ ಒಂದೇ ವರ್ಷಕ್ಕೆ ಪೂರ್ತಿ ಸಿಗದು. ಇದರ ದೊಡ್ಡ ಉಪಕಾರ ಬೇರೆಯೇ. ಮಳೆ ಹೊಡೆದು ಬಿಸಿಲು ಬಿದ್ದೊಡನೆ ನಮ್ಮ ಕೆಂಪು ಮಣ್ಣಿನ ಮೇಲ್ಮೈ ಹೆಪ್ಪುಗಟ್ಟಿ ಮೊಳಕೆಯನ್ನು ತಡೆಯುತ್ತದೆ. ಕಳಿತ ಗೊಬ್ಬರ ಬಿದ್ದ ಕಡೆ ಮಣ್ಣಿನ ಕಣಗಳು ಅಂಟಿ ಸಣ್ಣ ಉಂಡೆಗಳಾಗುತ್ತವೆ, ನಡುವೆ ನೀರಿಳಿಯುತ್ತದೆ, ತೇವ ನಿಲ್ಲುತ್ತದೆ. ಹಾಕಿದ ಪೋಷಕಾಂಶ ಬಸಿದುಹೋಗದೆ ಬೇರಿನ ಬಳಿ ಉಳಿಯುತ್ತದೆ. ಆದರೆ ನಮ್ಮ ಸೆಕೆಗೆ ಮಣ್ಣಿನ ಇಂಗಾಲ ಬೇಗ ಕರಗುತ್ತದೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾವಯವ ಇಂಗಾಲ ಶೇ 0.5ಕ್ಕಿಂತ ಕೆಳಗಿದ್ದರೆ ಬರುವ ವರ್ಷವೂ ಗೊಬ್ಬರದ ಪ್ರಮಾಣ ಇಳಿಸಬೇಡಿ.