ತೊಳೆದ ಮೇಲೆ ಸ್ಟಾರ್ಟ್ ಆಗದ ಕಾರು: ಕರೆಂಟ್ ಲೀಕ್ ಹುಡುಕಿದ ನನ್ನ ಅನುಭವ

ಸೆಲ್ಫ್ ಚೆನ್ನಾಗಿ ತಗೊಳ್ಳುತ್ತದೆ, ಇಂಜಿನ್ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ. ಹೇಗೋ ಸ್ಟಾರ್ಟ್ ಆದರೂ ಮಿಸ್ಸಿಂಗ್ ಹೊಡೆದು ಗಡಗಡ ನಡುಗುತ್ತದೆ. ಸ್ವಲ್ಪ ದೂರ ಓಡಿಸಿ ಇಂಜಿನ್ ಬಿಸಿಯಾದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸರಿಹೋಗುತ್ತದೆ. ನನ್ನ ಹಳೆಯ ಪೆಟ್ರೋಲ್ ಕಾರು ವಾಟರ್ ಸರ್ವಿಸ್ ಮಾಡಿಸಿದಾಗಲೆಲ್ಲ ಹೀಗೇ ಮಾಡುತ್ತಿತ್ತು. ನಾನಿರುವುದು ತೀರ್ಥಹಳ್ಳಿ ಕಡೆ. ಮಳೆಗಾಲದ ಕೆಂಪು ಕೆಸರು ಬಾನೆಟ್ ಒಳಗೂ ಮೆತ್ತಿಕೊಳ್ಳುತ್ತದೆ, ತೊಳೆಸದೆ ಬಿಡುವ ಹಾಗಿಲ್ಲ.

"ನೀರು ಹೋಗಿದೆ ಸಾರ್, ಒಣಗಿದ್ರೆ ಸರಿಹೋಗುತ್ತೆ" ಎಂದು ಎಲ್ಲರೂ ಹೇಳುತ್ತಿದ್ದರು. ಅದು ನಿಜವೇ. ಆದರೆ ಕಂಡಿಷನ್‌ನಲ್ಲಿರುವ ಕಾರು ಆಗುಂಬೆ ಮಳೆಯಲ್ಲೂ ಓಡುತ್ತದೆ, ಅಲ್ವಾ? ಕರೆಂಟ್ ಹೊರಗೆ ಹೋಗಲು ಎಲ್ಲೋ ಒಂದು ದಾರಿ ಮೊದಲೇ ಆಗಿರುತ್ತದೆ. ನೀರು ಬಿದ್ದಾಗ ಅದು ಬಯಲಾಗುತ್ತದೆ, ಅಷ್ಟೆ. ಆ ಜಾಗ ಸಿಗುವ ತನಕ ಬಿಡಬಾರದು ಅಂತ ಕೂತೆ.

ಸೆಲ್ಫ್ ಜೋರಾಗಿ ತಿರುಗುತ್ತಿದ್ದುದರಿಂದ ಬ್ಯಾಟರಿ ಮೇಲೆ ಅನುಮಾನ ಬರಲಿಲ್ಲ. ಇಂಜಿನ್ ಒಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ತುದಿ ಒದ್ದೆ, ಪೆಟ್ರೋಲ್ ವಾಸನೆ. ಅಂದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಬರುತ್ತಿಲ್ಲ. ಬ್ಯಾಟರಿಯ 12 ವೋಲ್ಟನ್ನು ಇಗ್ನಿಷನ್ ಕಾಯಿಲ್ ಸಾವಿರಾರು ವೋಲ್ಟ್‌ಗೆ ಏರಿಸುತ್ತದೆ. ಡಿಸ್ಟ್ರಿಬ್ಯೂಟರ್ ಅದನ್ನು ಸರದಿಯ ಪ್ರಕಾರ ನಾಲ್ಕು ಪ್ಲಗ್‌ಗಳಿಗೆ ಹಂಚುತ್ತದೆ. ಅಷ್ಟು ವೋಲ್ಟೇಜ್ ಸಣ್ಣ ಸಂದು ಸಿಕ್ಕರೂ ನುಗ್ಗಿಬಿಡುತ್ತದೆ. ಕೆಸರು, ಧೂಳು ಕಲಸಿದ ನೀರು ಅದಕ್ಕೆ ಒಳ್ಳೆಯ ದಾರಿ.

ಮೊದಲು ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದೆ. ಒಳಗೆ ಸಣ್ಣಗೆ ನೀರಿನ ಹನಿ ಕಟ್ಟಿತ್ತು. ಒಣಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿದೆ. ಪೆನ್ಸಿಲ್‌ನಲ್ಲಿ ಗೀಚಿದಂಥ ಕಪ್ಪು ಗೆರೆ ಒಂದು ಪಾಯಿಂಟ್‌ನಿಂದ ಇನ್ನೊಂದಕ್ಕೆ ಹೋಗಿದ್ದರೆ ಕರೆಂಟ್ ಅಲ್ಲೇ ಹರಿಯುತ್ತಿದೆ ಎಂದರ್ಥ. ಅಂಥ ಕ್ಯಾಪನ್ನು ಬದಲಾಯಿಸಲೇಬೇಕು. ನನ್ನದರಲ್ಲಿ ಗೆರೆ ಇರಲಿಲ್ಲ, ಕಾಯಿಲ್‌ನ ಕರೆಂಟ್ ಒಳಗೆ ತರುವ ನಡುವಿನ ಕಾರ್ಬನ್ ತುಂಡು, ತಿರುಗುತ್ತಾ ಅದನ್ನು ಹಂಚುವ ರೋಟರ್ ಎರಡೂ ಸರಿಯಿದ್ದವು. ಆಮೇಲೆ ಪ್ಲಗ್ ವೈರ್‌ಗಳಿಗೆ ಮಲ್ಟಿಮೀಟರ್ ಹಿಡಿದೆ. ನಾಲ್ಕೂ ಸರಿಯಾದ ರೀಡಿಂಗ್ ಕೊಟ್ಟವು. ಸುಮಾರು ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಮೀಟರ್ ತೋರಿಸುವುದು ಒಳಗಿನ ವೈರ್ ತುಂಡಾಗಿದೆಯೋ ಇಲ್ಲವೋ ಅನ್ನುವುದನ್ನು ಮಾತ್ರ. ಮೇಲಿನ ರಬ್ಬರ್ ಸೀಳಿರುವುದು ಅದರ ಸಣ್ಣ ಬ್ಯಾಟರಿಗೆ ಗೊತ್ತಾಗುವುದಿಲ್ಲ.

ಅದಕ್ಕೆ ಕತ್ತಲೇ ಬೇಕು. ರಾತ್ರಿ ಅಂಗಳದಲ್ಲಿ ಲೈಟ್ ಆರಿಸಿ, ಬಾನೆಟ್ ಎತ್ತಿ, ಇಂಜಿನ್ ಚಾಲೂ ಇಟ್ಟೆ. ಗಿಡಕ್ಕೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿಯಿಂದ ಒಂದೊಂದೇ ವೈರ್ ಮೇಲೆ ಮಂಜಿನ ಹಾಗೆ ನೀರು ಬಿಟ್ಟೆ. ಮೊದಲಿನ ಎರಡಕ್ಕೆ ಏನೂ ಆಗಲಿಲ್ಲ. ಮೂರನೆಯ ವೈರ್ ಮೇಲೆ ನೀರು ಬಿದ್ದ ಕೂಡಲೇ ಇಂಜಿನ್ ಕುಂಟಿತು. ಚಟಚಟ ಸದ್ದಿನ ಜೊತೆ ನೀಲಿ ಎಳೆಯೊಂದು ವೈರ್‌ನಿಂದ ಪಕ್ಕದ ಕಬ್ಬಿಣದ ಬ್ರಾಕೆಟ್‌ಗೆ ಹಾರತೊಡಗಿತು. ಟಾರ್ಚ್ ಬೆಳಕು ಹಾಕಿ ನೋಡಿದರೆ ಬರೀ ಮಾಮೂಲಿ ಕಪ್ಪು ವೈರ್. ಇಂಜಿನ್ ಆಫ್ ಮಾಡಿ, ವೈರ್ ಬಿಚ್ಚಿ ಬಗ್ಗಿಸಿದಾಗ ಕೂದಲೆಳೆಯಷ್ಟು ಸಣ್ಣ ಬಿರುಕು ಬಾಯಿ ಬಿಟ್ಟಿತು. ಬ್ರಾಕೆಟ್‌ಗೆ ಉಜ್ಜಿ ಉಜ್ಜಿ ಆದದ್ದು. ಈ ಪರೀಕ್ಷೆ ಮಾಡುವವರು ಇಂಜಿನ್ ಓಡುವಾಗ ವೈರ್ ಮುಟ್ಟಬೇಡಿ. ಶಾಕ್ ಬಲವಾಗಿಯೇ ಹೊಡೆಯುತ್ತದೆ. ಸಡಿಲ ತೋಳಿನ ಬಟ್ಟೆಯೂ ಬೇಡ, ಫ್ಯಾನ್ ಬೆಲ್ಟ್ ಹತ್ತಿರದಲ್ಲೇ ತಿರುಗುತ್ತಿರುತ್ತದೆ. ಪೆಟ್ರೋಲ್ ವಾಸನೆ ಬರುತ್ತಿದ್ದರಂತೂ ಮಾಡಲೇಬಾರದು.

ಒಂದು ವೈರ್ ಹೋಗಿದ್ದರೆ ಉಳಿದವುಗಳ ವಯಸ್ಸೂ ಅಷ್ಟೇ ಆಗಿರುತ್ತದೆ. ಹಾಗಾಗಿ ಇಡೀ ಸೆಟ್ ತಂದೆ. ಹಳೆಯದನ್ನು ಒಂದು ತೆಗೆದು, ಅದೇ ಜಾಗಕ್ಕೆ ಹೊಸದು ಹಾಕಿ, ಆಮೇಲೆ ಮುಂದಿನದಕ್ಕೆ ಕೈ ಹಾಕಿದೆ. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ಫೈರಿಂಗ್ ಆರ್ಡರ್, ಅಂದರೆ ಪ್ಲಗ್‌ಗಳು ಕಿಡಿ ಹೊಡೆಯುವ ಸರದಿ, ತಪ್ಪಿ ತಲೆ ಕೆಡುತ್ತದೆ. ರಬ್ಬರ್ ಟೋಪಿಗಳ ಒಳಅಂಚಿಗೆ ಸ್ವಲ್ಪ ಸಿಲಿಕಾನ್ ಗ್ರೀಸ್ ಸವರಿ, ವೈರ್‌ಗಳು ಕಬ್ಬಿಣಕ್ಕೆ ತಾಗದ ಹಾಗೆ ಕ್ಲಿಪ್‌ನಲ್ಲಿ ಕೂರಿಸಿದೆ. ಮುಂದಿನ ಸಲ ತೊಳೆಸಿದಾಗ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು.

ಸರ್ವಿಸ್ ಸ್ಟೇಷನ್‌ನಲ್ಲೇ ಗಾಡಿ ನಿಂತುಬಿಟ್ಟರೆ ಸುಮ್ನೆ ಸೆಲ್ಫ್ ಹೊಡೆಯುತ್ತಾ ಇರಬೇಡಿ. ಪೆಟ್ರೋಲ್ ಜಾಸ್ತಿಯಾಗಿ ಪ್ಲಗ್ ಇನ್ನಷ್ಟು ಒದ್ದೆಯಾಗುತ್ತದೆ, ಬ್ಯಾಟರಿಯೂ ಇಳಿಯುತ್ತದೆ. ಕೀ ಆಫ್ ಮಾಡಿ, ಕ್ಯಾಪ್ ಮತ್ತು ವೈರ್ ಒರೆಸಿ. ಮನೆಯಲ್ಲಾದರೆ ಹೇರ್ ಡ್ರೈಯರ್ ಸಾಕು.

ಈಗಿನ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರ್ ಇಲ್ಲ, ಪ್ಲಗ್‌ಗೊಂದು ಕಾಯಿಲ್. ಅಲ್ಲಿ ನೀರು ನಿಲ್ಲುವುದು ಪ್ಲಗ್ ಕೂರುವ ಆಳದ ಗುಂಡಿಯಲ್ಲಿ. ಕಾಯಿಲ್ ತೆಗೆದಾಗ ನೀರು ಕಂಡರೆ ಪ್ಲಗ್ ಬಿಚ್ಚಲು ಅವಸರ ಮಾಡಬೇಡಿ, ನೀರೆಲ್ಲ ಸಿಲಿಂಡರ್‌ಗೆ ಇಳಿಯುತ್ತದೆ. ಮೊದಲು ಏರ್ ಹೊಡೆಸಿ ಗುಂಡಿ ಒಣಗಿಸಿ, ಕಾಯಿಲ್‌ನ ರಬ್ಬರ್ ಸೀಳಿದೆಯಾ ನೋಡಿ.