ಲುಂಡ್‌ನ ಸ್ಟುಡಿಯೋದಲ್ಲಿ ತುಂಗಾ ತೀರದ ನಕ್ಷೆ

2019ರ ಆಗಸ್ಟ್‌ನಲ್ಲಿ ತುಂಗಾ ನದಿ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದಾಗ, ನಾನು ಆರ್ಕಿಟೆಕ್ಚರ್ ಪದವಿ ಮುಗಿಸಿ ಊರಿಗೆ ಮರಳಿ ಎರಡು ತಿಂಗಳಾಗಿತ್ತು. ಐದು ವರ್ಷ ಕಟ್ಟಡಗಳ ನಕ್ಷೆ ಬರೆಯಲು ಕಲಿತಿದ್ದರೂ, ಶೃಂಗೇರಿ, ತೀರ್ಥಹಳ್ಳಿಗಳ ಕಡೆ ಸುರಿದ ಮಳೆ ನಮ್ಮ ಬೀದಿಗೆ ಯಾವ ದಾರಿಯಿಂದ ಬರುತ್ತದೆ ಮತ್ತು ಬಂದದ್ದು ಏಕೆ ಹೊರಟುಹೋಗುವುದಿಲ್ಲ ಎಂಬುದನ್ನು ವಿವರಿಸುವ ಶಕ್ತಿ ನನಗಿರಲಿಲ್ಲ. ಸುಸ್ಥಿರ ನಗರ ವಿನ್ಯಾಸವನ್ನು ಓದಬೇಕೆಂಬ ನಿರ್ಧಾರ ಹುಟ್ಟಿದ್ದು ಆ ವಾರದಲ್ಲಿ.

ಮೊದಲ ಬಾರಿ ಅರ್ಜಿ ಹಾಕಿದ ವಿಶ್ವವಿದ್ಯಾಲಯ ನನ್ನನ್ನು ತೆಗೆದುಕೊಳ್ಳಲಿಲ್ಲ. ಅದು ನ್ಯಾಯವೇ ಆಗಿತ್ತು. ನನ್ನ ಪೋರ್ಟ್‌ಫೋಲಿಯೋದಲ್ಲಿ, ಅಂದರೆ ಅರ್ಜಿಯ ಜೊತೆ ಕಳಿಸುವ ಕೆಲಸಗಳ ಸಂಗ್ರಹದಲ್ಲಿ, ಕಂಪ್ಯೂಟರಿನಲ್ಲಿ ತೆಗೆದ ಹೊಳೆಯುವ ಚಿತ್ರಗಳು ತುಂಬಿದ್ದವೇ ಹೊರತು, ಒಂದು ತೀರ್ಮಾನಕ್ಕೆ ನಾನು ಹೇಗೆ ಬಂದೆ ಎಂಬುದು ಎಲ್ಲಿಯೂ ಕಾಣುತ್ತಿರಲಿಲ್ಲ. ಎರಡನೆಯ ಸಲ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಎರಡು ವರ್ಷಗಳ ಸ್ನಾತಕೋತ್ತರ ಕೋರ್ಸಿಗೆ ಅರ್ಜಿ ಸಿದ್ಧಪಡಿಸುವಾಗ ಆ ಚಿತ್ರಗಳಲ್ಲಿ ಮುಕ್ಕಾಲು ಪಾಲನ್ನು ಕಿತ್ತುಹಾಕಿದೆ. ಬದಲಿಗೆ ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದ ಬಸಿಗಾಲುವೆಗಳನ್ನು ಅಳೆದು, ತೋಟಕ್ಕೆ ಸೊಪ್ಪು ತರುವ ಗುಡ್ಡದ ಕಾಡಾದ ಸೊಪ್ಪಿನಬೆಟ್ಟದಿಂದ ಕೆಳಗಿನ ಗದ್ದೆಯವರೆಗೆ ನೀರು ಇಳಿಯುವ ದಾರಿಯನ್ನು ಪೆನ್ಸಿಲಿನಲ್ಲಿ ಬರೆದು ಸೇರಿಸಿದೆ. ಆ ಒಂದು ಹಾಳೆಯ ಬಗ್ಗೆ ಅಲ್ಲಿಯ ಅಧ್ಯಾಪಕರು ನನ್ನನ್ನು ಆಮೇಲೂ ಕೇಳುತ್ತಿದ್ದರು.

ಅರ್ಜಿಯ ವಿಧಾನ ಸರಳವಾಗಿದೆ. ಸ್ವೀಡನ್ನಿನ ಬಹುತೇಕ ಎಲ್ಲ ವಿಶ್ವವಿದ್ಯಾಲಯಗಳಿಗೂ ಒಂದೇ ಜಾಲತಾಣದ ಮೂಲಕ ಅರ್ಜಿ ಹಾಕಬೇಕು. ನಾನು ಹಾಕಿದಾಗ ಶುಲ್ಕ 900 ಕ್ರೋನಾ ಇತ್ತು ಮತ್ತು ಕೊನೆಯ ದಿನ ಜನವರಿಯ ಮಧ್ಯದಲ್ಲಿತ್ತು. ಯುರೋಪಿನ ಹೊರಗಿನವರು ಬೋಧನಾ ಶುಲ್ಕವನ್ನೂ ಕಟ್ಟಬೇಕಾಗುವುದರಿಂದ, ಸಾಲದ ಲೆಕ್ಕವನ್ನು ಮನೆಯವರ ಜೊತೆ ಕುಳಿತು ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು.

ಕಲಿಕೆಯ ತಿರುಳು ಸ್ಟುಡಿಯೋದಲ್ಲಿತ್ತು. ಆರ್ಕಿಟೆಕ್ಟರು, ಉದ್ಯಾನ ವಿನ್ಯಾಸಕರು, ನಗರ ಯೋಜಕರು ಬೇರೆಬೇರೆ ದೇಶಗಳಿಂದ ಬಂದು ಒಂದೇ ಮೇಜಿನ ಸುತ್ತ ಕೆಲಸ ಮಾಡುವ ಜಾಗವದು. ಮಾಡಿದ ಕೆಲಸವನ್ನು ಅಧ್ಯಾಪಕರ ಮುಂದಿಟ್ಟು ಚರ್ಚಿಸುವ ಮೊದಲ ವಿಮರ್ಶೆಯಲ್ಲಿ ನಾನು ನದಿದಂಡೆಯೊಂದರ ಯೋಜನೆ ಇಟ್ಟಿದ್ದೆ: ಕಲ್ಲಿನ ತಡೆಗೋಡೆ, ನಡೆಯುವ ದಾರಿ, ಬೆಂಚುಗಳು, ಸಾಲುಮರ. ಅಧ್ಯಾಪಕಿ ಕೇಳಿದ್ದು ಒಂದೇ ಪ್ರಶ್ನೆ: "ಏಪ್ರಿಲ್‌ನಲ್ಲಿ ನೀರು ಎಲ್ಲಿರುತ್ತದೆ, ಆಗಸ್ಟ್‌ನಲ್ಲಿ ಎಲ್ಲಿರುತ್ತದೆ, ತೋರಿಸಿ." ನನ್ನ ನಕ್ಷೆಯಲ್ಲಿ ನದಿ ಒಂದು ನೀಲಿ ಪಟ್ಟಿಯಾಗಿತ್ತು, ಅದಕ್ಕೆ ತಿಂಗಳುಗಳಿರಲಿಲ್ಲ. ಶಿವಮೊಗ್ಗದಲ್ಲಿ ಕೋರ್ಪಳಯ್ಯನ ಛತ್ರದ ಬಳಿಯ ಮಂಟಪ ಎಷ್ಟು ಮುಳುಗಿದೆ ಎಂದು ನೋಡಿ ಜನ ಹೊಳೆಯ ಮಟ್ಟವನ್ನು ಹೇಳುತ್ತಾರೆ. ಆ ಮಂಟಪವನ್ನು ಬಾಲ್ಯದಿಂದ ನೋಡಿದ್ದ ನಾನೇ ನೀರಿಗೆ ಮಟ್ಟವಿಲ್ಲದಂತೆ ನಕ್ಷೆ ಬರೆದಿದ್ದೆ. ಅಂದಿನಿಂದ ಯಾವ ಜಾಗಕ್ಕೂ ಮೊದಲು ಸೆಕ್ಷನ್, ಅಂದರೆ ನೆಲವನ್ನು ಕತ್ತರಿಸಿ ಬದಿಯಿಂದ ನೋಡಿದಂತೆ ಎತ್ತರ ತಗ್ಗುಗಳನ್ನು ತೋರಿಸುವ ಚಿತ್ರ, ಬರೆಯುತ್ತೇನೆ, ಅದರ ಮೇಲೆ ಬೇಸಿಗೆಯ, ಮಳೆಗಾಲದ ಮತ್ತು ನೆರೆಯ ಮಟ್ಟಗಳನ್ನು ಮೂರು ಗೆರೆಗಳಾಗಿ ಎಳೆಯುತ್ತೇನೆ.

ಲುಂಡ್‌ನಿಂದ ರೈಲಿನಲ್ಲಿ ಸ್ವಲ್ಪವೇ ದೂರದಲ್ಲಿರುವ ಮಾಲ್ಮೋ ನಗರದ ಆಗುಸ್ಟೆನ್‌ಬೋರ್ಗ್ ಬಡಾವಣೆಗೆ ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಎರಡನೆಯ ಮಹಾಯುದ್ಧದ ನಂತರ ಕಟ್ಟಿದ ಅಲ್ಲಿಯ ಮನೆಗಳಲ್ಲಿ ಮಳೆನೀರು ಮತ್ತು ಕೊಳಚೆ ಒಂದೇ ಕೊಳವೆಯಲ್ಲಿ ಹರಿಯುತ್ತಿದ್ದುದರಿಂದ, ಜೋರು ಮಳೆಗೆ ನೆಲಮಾಳಿಗೆಗಳು ತುಂಬುತ್ತಿದ್ದವು. 1998ರಿಂದ ಆರಂಭಿಸಿ ಮಳೆನೀರನ್ನು ಆ ಕೊಳವೆಯಿಂದ ಬೇರ್ಪಡಿಸಿ, ಅಂಗಳಗಳ ನಡುವೆ ತೆರೆದ ಕಾಲುವೆಗಳಿಗೂ ಸಣ್ಣ ಹೊಂಡಗಳಿಗೂ ತಿರುಗಿಸಿದರು. ಹಲವು ಚಾವಣಿಗಳ ಮೇಲೆ ಹಸಿರು ಬೆಳೆಸಿದರು. 2014ರ ಆಗಸ್ಟ್ 31ರಂದು ಮಾಲ್ಮೋದಲ್ಲಿ ಭಾರಿ ಮಳೆಯಾದಾಗ ಈ ಬಡಾವಣೆಗೆ ಆದ ಹಾನಿ ಸುತ್ತಲಿನ ಪ್ರದೇಶಗಳಿಗಿಂತ ಕಡಿಮೆ.

ಇದನ್ನು ಹಾಗೆಯೇ ತಂದು ಶಿವಮೊಗ್ಗದಲ್ಲಿ ಇಡಬಹುದೆಂದು ಮೊದಲ ವರ್ಷ ನಂಬಿದ್ದೆ. ಆದರೆ ಮಾಲ್ಮೋಗೆ ವರ್ಷವಿಡೀ ಹಂಚಿಕೊಂಡು ಬೀಳುವುದು ಸುಮಾರು 600 ಮಿ.ಮೀ. ಮಳೆ. ನಮ್ಮ ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳ ಸರಾಸರಿ ಅದರ ಮೂರು ಪಟ್ಟಿಗೂ ಮಿಗಿಲು. ಅಲ್ಲಿಯ ಹೊಂಡದ ಅಳತೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಲೆಕ್ಕ ಹಾಕುವ ಕ್ರಮ ಬರುತ್ತದೆ. ಉದಾಹರಣೆಗೆ, ಮಾಲ್ಮೋದ ಪಶ್ಚಿಮ ಬಂದರಿನಲ್ಲಿ 2001ರ ವಸತಿ ಪ್ರದರ್ಶನಕ್ಕಾಗಿ ಬಳಸಿದ, ನಿವೇಶನದಲ್ಲಿ ಹಸಿರಿನ ಪಾಲು ಎಷ್ಟೆಂದು ಅಳೆಯುವ ‘ಹಸಿರು ಅಂಶ’ದ ಲೆಕ್ಕದಲ್ಲಿ ಪೂರ್ತಿ ಮುಚ್ಚಿದ ನೆಲಕ್ಕೆ 0, ಆಳವಾದ ಮಣ್ಣಿನ ಮೇಲಿನ ಹಸಿರಿಗೆ 1 ಅಂಕ. ಇಡೀ ನಿವೇಶನದ ಸರಾಸರಿ 0.5 ಬರಬೇಕೆಂಬುದು ಅಲ್ಲಿನ ಗುರಿಯಾಗಿತ್ತು. ವಿನೋಬನಗರದ ಕಡೆ ನನಗೆ ಪರಿಚಯವಿದ್ದ 30x40 ಅಡಿಯ ನಿವೇಶನವೊಂದಕ್ಕೆ ಈ ಲೆಕ್ಕ ಹಾಕಿದೆ. 1,200 ಚದರಡಿಯಲ್ಲಿ ಮಣ್ಣು ಉಳಿದಿದ್ದದ್ದು ತುಳಸಿಕಟ್ಟೆಯ ಸುತ್ತಲಿನ 50 ಚದರಡಿ ಮಾತ್ರ, ಅಂಶ 0.04. 100 ಚದರ ಮೀಟರ್ ತಾರಸಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 1,000 ಲೀಟರ್ ನೀರಾಗುತ್ತದೆ. ಇಂಥ ಮನೆಗಳ ಸಾಲು ಅದಷ್ಟನ್ನೂ ಒಟ್ಟಿಗೇ ಚರಂಡಿಗೆ ಬಿಟ್ಟರೆ ತಗ್ಗಿನ ಬೀದಿಗೆ ಏನಾಗುತ್ತದೆಂಬುದು ಆಗ ನನಗೆ ಅಂಕಿಯಲ್ಲಿ ಅರ್ಥವಾಯಿತು.

ಸ್ವೀಡನ್ನಿನ ಬೇಸಿಗೆ ರಜೆ ಸರಿಯಾಗಿ ನಮ್ಮ ಮಳೆಗಾಲಕ್ಕೆ ಬರುತ್ತದೆ. ನನ್ನ ಪ್ರಬಂಧಕ್ಕೆ ಅದಕ್ಕಿಂತ ದೊಡ್ಡ ಅನುಕೂಲ ಬೇರೊಂದಿರಲಿಲ್ಲ. 2022ರ ಜುಲೈನಲ್ಲಿ ಟೇಪು ಹಿಡಿದು ನದಿಯ ಹತ್ತಿರದ 30ಕ್ಕೂ ಹೆಚ್ಚು ಮನೆಗಳಿಗೆ ಹೋಗಿ, 2019ರ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಿದೆ. ಕೆಲವರು ಸೊಂಟ ತೋರಿಸಿದರು, ಕೆಲವರು ಗೋಡೆಯ ಸ್ವಿಚ್ ಬೋರ್ಡು. ಒಬ್ಬ ಅಜ್ಜಿ ದೇವರ ಪಟದ ಮೊಳೆಯನ್ನು ಮುಟ್ಟಿ, "ಇಲ್ಲಿಗೆ ನಿಂತಿತ್ತು ನೋಡು ಮಗಾ" ಎಂದರು. ಆ ಗುರುತುಗಳನ್ನೆಲ್ಲ ಒಂದೇ ಸೆಕ್ಷನ್‌ನಲ್ಲಿ ಜೋಡಿಸಿದಾಗ, ಹೊಳೆಯಿಂದ ದೂರವಿದ್ದರೂ ರಾಜಕಾಲುವೆಯ ಪಕ್ಕದಲ್ಲಿದ್ದ ಮನೆಗಳು ಎಷ್ಟು ಮುಳುಗಿದ್ದವೆಂಬುದು ಕಂಡಿತು. ಹೊಳೆ ತುಂಬಿದಾಗ ರಾಜಕಾಲುವೆಯ ನೀರಿಗೆ ಸೇರಲು ಜಾಗವಿಲ್ಲದೆ ಅದು ಹಿಂದಕ್ಕೆ ಒತ್ತುತ್ತದೆ. ಆದ್ದರಿಂದ ನನ್ನ ವಿನ್ಯಾಸ ನದಿದಂಡೆಯನ್ನು ಬಿಟ್ಟು ರಾಜಕಾಲುವೆಯ ಮೇಲ್ಭಾಗಕ್ಕೆ ಹೋಯಿತು: ಶಾಲೆಯ ಮೈದಾನ, ಪಾರ್ಕು, ಖಾಲಿ ನಿವೇಶನಗಳಲ್ಲಿ ನೀರನ್ನು ಕೆಲವು ಗಂಟೆ ತಡೆದು, ಆಮೇಲೆ ನಿಧಾನವಾಗಿ ಬಿಡುವುದು.

ಅಂತಿಮ ವಿಮರ್ಶೆಯಲ್ಲಿ ಹೆಚ್ಚು ಚರ್ಚೆಯಾದದ್ದು ಕೊನೆಯ ಹಾಳೆ. ಅದರಲ್ಲಿ ಚಿತ್ರವಿರಲಿಲ್ಲ, ಹನ್ನೆರಡು ತಿಂಗಳ ಕೆಲಸದ ಪಟ್ಟಿಯಿತ್ತು. ತೋಟದ ಬಸಿಗಾಲುವೆಯ ಹೂಳನ್ನು ಮಳೆಗೆ ಮುಂಚೆ ತೆಗೆಯುವಂತೆ, ಪ್ರತಿ ತಡೆಹೊಂಡದ ಹೂಳನ್ನೂ ಪ್ಲಾಸ್ಟಿಕ್ ಕಸವನ್ನೂ ಮೇ ಮುಗಿಯುವುದರೊಳಗೆ ಯಾರು ತೆಗೆಯಬೇಕು, ಗಾಡಿ ಯಾವ ಕಡೆಯಿಂದ ಒಳಗೆ ಬರಬೇಕು, ತೆಗೆದ ಮಣ್ಣು ಎಲ್ಲಿಗೆ ಹೋಗಬೇಕು ಎಂದು ಬರೆದಿದ್ದೆ. ಗಾಡಿ ಇಳಿಯಲು ಇಳಿಜಾರು ಬೇಕೆಂಬುದು ಆ ಪಟ್ಟಿ ಬರೆಯುವಾಗ ಹೊಳೆದು, ಮೂರು ಹೊಂಡಗಳ ಆಕಾರವನ್ನು ಮತ್ತೆ ಬದಲಿಸಬೇಕಾಯಿತು.